ನಿಡಸೋಸಿಯಲ್ಲಿ ಎರಡು ದಿನ: ಅಳಿಸಿದ ಹಿಂಡಿ, ಹಲ್ಲಿಗಂಟಿದ ಅಂಟು!

ಇದು ಹೊರಾಂಗಣ ಚಿತ್ರೀಕರಣದ ವರದಿಯಲ್ಲ. ಆದರೂ ಇದರಲ್ಲಿ ನಾಯಕಿ ಇದ್ದಾಳೆ, ಕಣ್ಣೀರಿದೆ, ಜಲಪಾತವೂ ಇದೆ. ಖಳನಾಯಕನ ಪಾತ್ರ ಮಾತ್ರ ಒಂದು ಮೆಣಸಿನಕಾಯಿಯದು! ನಾಯಕಿ ನನ್ನ ಸ್ವಂತ ತಂಗಿ, ವಯಸ್ಸು ಹದಿನೆಂಟು.

ಸಿಇಟಿಯಲ್ಲಿ ಅವಳಿಗೆ ಸೀಟು ಸಿಕ್ಕಿದ್ದು ನಿಡಸೋಸಿಯ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಮದ್ದೂರಿನ ನಮ್ಮ ಮನೆಯಲ್ಲಿ ಯಾರೂ ಆ ಊರಿನ ಹೆಸರು ಕೇಳಿದವರಲ್ಲ. ಬೆಳಗಾವಿಯಿಂದ ಕೊಲ್ಲಾಪುರದ ಕಡೆ ಹೋಗುವ ಹೆದ್ದಾರಿ, ಹುಕ್ಕೇರಿ ತಾಲ್ಲೂಕು, ಸಂಕೇಶ್ವರದ ಮಗ್ಗುಲು ಅಂತ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದೆ. "ಅದು ಮಹಾರಾಷ್ಟ್ರ ಅಲ್ವೇನೋ?" ಅಂದಳು ಅಮ್ಮ. ಅಲ್ಲಮ್ಮಾ, ಅಪ್ಪಟ ಕರ್ನಾಟಕ!

ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಿತ್ತು. ಪತ್ರಿಕೆಗೆ ಬರೆಯುವವನಿಗೆ ಯಾವಾಗಲೂ ಬಿಡುವಿರುತ್ತದೆ ಅಂತ ಮನೆಯವರ ನಂಬಿಕೆ. ಕೆಂಪು ಬಸ್ಸಿನಲ್ಲಿ ರಾತ್ರಿಯಿಡೀ ಪಯಣ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಲ್ಲ, ತಂಗಿಗೆ ಸೊನ್ನೆ ರೂಪಾಯಿಯ ಚೀಟಿ. ನನ್ನ ಜೇಬಿಗೆ ಮಾತ್ರ ಕತ್ತರಿ. ಆದರೂ ಕಿಟಕಿಯ ಸೀಟು ಅವಳಿಗೇ.

ಬೆಳಗಾವಿಯಲ್ಲಿ ಬಸ್ಸು ಬದಲಿಸಿ ಸಂಕೇಶ್ವರ ಸೇರುವ ಹೊತ್ತಿಗೆ ಸಣ್ಣ ಮಳೆ. ಎಲ್ಲಿ ನೋಡಿದರೂ ಕಬ್ಬು. ಈ ಹೊಲಗಳ ಕಬ್ಬು ಅರೆಯುವ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇರುವುದೂ ಇಲ್ಲೇ. ಕಬ್ಬು ನೋಡಿ ತಂಗಿಗೆ ಜೀವ ಬಂತು. "ಥೇಟ್ ನಮ್ ಮಂಡ್ಯ ಇದ್ದಂಗೇ ಐತೆ ಕಣಣ್ಣಾ!" ಅಂದಳು.

ಆ ಖುಷಿ ಮಧ್ಯಾಹ್ನದವರೆಗೆ ಮಾತ್ರ.

ಕಾಲೇಜಿನಲ್ಲಿ ದಾಖಲಾತಿಯ ಕೆಲಸ ಮುಗಿಸಿ ಸಂಕೇಶ್ವರಕ್ಕೆ ಬಂದು ಒಂದು ಖಾನಾವಳಿ ಹೊಕ್ಕೆವು. ತಟ್ಟೆಯ ಮೇಲೆ ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಪಕ್ಕಕ್ಕೆ ಕೆಂಪಗೆ ಏನೋ ಪುಡಿ. "ಏನಕ್ಕಾ ಇದು?" ಅಂದಳು ತಂಗಿ. "ಹಿಂಡಿ ಐತ್ರಿ. ಶೇಂಗಾ ಹಿಂಡಿ" ಅಂದರು ಬಡಿಸುವ ಅಕ್ಕ. ತಂಗಿ ನನ್ನ ಮುಖ ನೋಡಿದಳು. ನಮ್ಮ ಕಡೆ ಹಿಂಡಿ ಅಂದರೆ ಹಸುವಿಗೆ ಇಡುವುದು! ನಾನು ನಗು ತಡೆದುಕೊಂಡೆ. ಅವಳು ನಮ್ಮೂರಿನ ಚಟ್ನಿಪುಡಿಯ ಲೆಕ್ಕದಲ್ಲಿ ಒಂದು ಚಮಚದಷ್ಟು ರೊಟ್ಟಿಗೆ ಸುತ್ತಿ ಬಾಯಿಗಿಟ್ಟಳು.

ಮುಂದಿನದನ್ನು ಹಿನ್ನೆಲೆ ಸಂಗೀತವಿಲ್ಲದೆ ಹೇಳುವುದು ಕಷ್ಟ. ಕಣ್ಣು, ಮೂಗು, ಎಲ್ಲ ಧಾರಾಕಾರ! ಮೂರು ಲೋಟ ನೀರು ಕುಡಿದು, ಅರ್ಧ ರೊಟ್ಟಿ ಬಿಟ್ಟು ಎದ್ದಳು. ರಾತ್ರಿ ಏನೂ ಬೇಡ ಅಂದಳು. ಲಾಡ್ಜಿನ ಮಂಚದ ಅಂಚಿನಲ್ಲಿ ಕೂತು ಮೆಲ್ಲಗೆ, "ಅಣ್ಣಾ, ವಾಪಸ್ ಹೋಗೋಣ. ನಾಲ್ಕು ವರ್ಷ ಇದನ್ನ ತಿಂದು ನಾನು ಬದುಕಲ್ಲ" ಅಂದಳು.

ನಾನು ಬೈಯಬಹುದಿತ್ತು. ಬೈಯಲು ಬಾಯಿ ಬರಲಿಲ್ಲ. ಕಾರಣ ಹೇಳಿಬಿಡುತ್ತೇನೆ. ನಾನು ಪಿಯುಸಿ ಬಿಟ್ಟದ್ದು ಮನೆಯ ಕಷ್ಟಕ್ಕೆ ಅಂತ ಊರಿನವರು ತಿಳಿದಿದ್ದಾರೆ. ನಾನೂ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ನಿಜ ಬೇರೆ. ದೂರದ ಊರಿನ ಹಾಸ್ಟೆಲಿನ ನೀರುಸಾರು, ಗಂಟುಗಂಟು ಅನ್ನ ಸೇರದೆ, ಎರಡು ತಿಂಗಳಿಗೇ ಟ್ರಂಕು ಹೊತ್ತು ಮನೆಗೆ ಓಡಿಬಂದವನು ನಾನು. ಯಾರೂ ವಾಪಸ್ ಕಳಿಸಲಿಲ್ಲ. ಅಷ್ಟೇ ಕಥೆ! ಆ ರಾತ್ರಿ ಅದನ್ನು ಮೊದಲ ಸಲ ತಂಗಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. "ನಾಳೆ ಒಂದು ದಿನ ಈ ಸೀಮೆ ಸುತ್ತೋಣ. ಸಂಜೆಗೂ ಬೇಡ ಅನ್ನಿಸಿದ್ರೆ ನಾನೇ ಕರ್ಕೊಂಡು ಹೋಗ್ತೀನಿ" ಅಂದೆ. ಒಳಗೊಳಗೇ ಎದೆ ಡವಡವ.

ಬೆಳಿಗ್ಗೆ ಮತ್ತೆ ಅದೇ ಖಾನಾವಳಿಗೆ ಕರೆದೊಯ್ದೆ. ಅಕ್ಕ ಗುರುತು ಹಿಡಿದು ನಕ್ಕರು. "ಹಿಂಡಿ ಬರೇದ ತಿಂತಾರೇನವಾ? ಮೊಸರ ಹಚ್ಕೋ, ಮ್ಯಾಲೆ ಹಸಿ ಎಣ್ಣಿ ಬಿಟ್ಕೋ" ಅಂತ ತಾವೇ ಕಲಸಿ ತೋರಿಸಿದರು. ಮೆಣಸಿನಕಾಯಿಯ ಪಾಠವೂ ಆಯಿತು: "ಬ್ಯಾಡಗಿ ಬಣ್ಣಕ್ಕ, ಸಂಕೇಶ್ವರಿ ಖಾರಕ್ಕ." ತೆಳ್ಳಗೆ, ಉದ್ದಕ್ಕೆ ಇರುವ ಈ ಸಂಕೇಶ್ವರಿಯದೇ ನಿನ್ನೆಯ ಖಳನ ಪಾತ್ರ. ಒಳಗೆ ಇನ್ನೊಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದರು. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿವ ಎಸರು ಹಾಕಿ ನಾದದಿದ್ದರೆ ಅಂಚು ಒಡೆಯುತ್ತದೆ. ಅಂಗೈಯ ಪಟಪಟ ಸದ್ದಿನಲ್ಲಿ ರೊಟ್ಟಿ ಚಂದ್ರನಂತೆ ಬೆಳೆಯುವುದನ್ನು ತಂಗಿ ಎದ್ದುಹೋಗಿ ನೋಡಿದಳು. ಅವತ್ತು ಒಂದೂವರೆ ರೊಟ್ಟಿ ತಿಂದಳು.

ಅಲ್ಲಿಂದ ಗೋಕಾಕದ ಕಡೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದ್ದಾಯಿತು, ಇಳಿಯಲು ಪುರುಸೊತ್ತಿಲ್ಲ. ಘಟಪ್ರಭಾದಲ್ಲಿ ಒಂದು ತಟ್ಟೆ ಮಿರ್ಚಿಭಜಿ. ಖಾರ ಹೇಗಿದೆ ಅಂತ ಮೊದಲು ನಾನು ಕಚ್ಚಿ ನೋಡಿ ಆಮೇಲೆ ಅವಳಿಗೆ ಕೊಟ್ಟೆ. ಅಣ್ಣನಾದವನು ರಾಜಕುಮಾರ್ ಚಿತ್ರ ನೋಡಿ ಬೆಳೆದದ್ದಕ್ಕೆ ಇಷ್ಟಾದರೂ ಮಾಡಬೇಡವೇ!

ಅಂದ ಹಾಗೆ, ತಂಗಿಗೆ ಒಂದು ಅನುಮಾನ: "ರಾಜಣ್ಣ ಬೀದಿಗಿಳಿದ ಗೋಕಾಕ್ ಚಳವಳಿ ನಡೆದದ್ದು ಇಲ್ಲೇನಾ?" ಬಹಳ ಜನ ಹೀಗೆಯೇ ತಿಳಿದಿದ್ದಾರೆ. 1982ರ ಆ ಚಳವಳಿಗೆ ಹೆಸರು ಬಂದದ್ದು ಊರಿನಿಂದಲ್ಲ, ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರಿಂದ. ಅವರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ.

ಜಲಪಾತ ಊರಿನಿಂದ ಆರೇಳು ಕಿಲೋಮೀಟರ್. ಘಟಪ್ರಭೆ ಕುದುರೆ ಲಾಳದ ಆಕಾರದ ಬಂಡೆಯಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಾಳೆ. ಮಳೆಗಾಲದ ನೀರು ಬೆಲ್ಲದ ಪಾಕದ ಬಣ್ಣ. ತೂಗುಸೇತುವೆಗೆ ಅವತ್ತು ಗೇಟು ಹಾಕಿತ್ತು, ಹಾಡಿನ ದೃಶ್ಯದ ಕನಸು ಅಲ್ಲಿಗೇ ಕಟ್! ಈ ನೀರಿನ ಬಲ ನಂಬಿಕೊಂಡೇ 1880ರ ದಶಕದಲ್ಲಿ ಇಲ್ಲಿ ನೂಲಿನ ಗಿರಣಿ ಎದ್ದದ್ದು. ಕೆಳಗೆ ಹಳೆಯ ವಿದ್ಯುತ್ ಮನೆ ಕಾಣುತ್ತದೆ. ಅದನ್ನೇ ನೋಡುತ್ತ ನಿಂತ ತಂಗಿ ತುಟಿ ಅಲ್ಲಾಡಿಸುತ್ತ ಏನೋ ಲೆಕ್ಕ ಹಾಕಿದಳು. "ಸೆಕೆಂಡಿಗೆ ಒಂದು ಘನಮೀಟರ್ ನೀರು ಬಿದ್ರೂ ಹೆಚ್ಚುಕಮ್ಮಿ ಐನೂರು ಕಿಲೋವಾಟ್ ಬಲ ಇರುತ್ತೆ ಅಣ್ಣಾ. ಇಲ್ಲಿ ಬೀಳ್ತಿರೋದು ಅದರ ಎಷ್ಟು ಪಟ್ಟು ನೋಡು!" ನನಗೆ ಲೆಕ್ಕ ತಿಳಿಯಲಿಲ್ಲ. ಹೂಂ ಅಂದೆ. ಇವಳನ್ನು ವಾಪಸ್ ಕರೆದೊಯ್ಯುವುದು ಮಹಾಪಾಪ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ.

ಗೋಕಾಕದ ಪೇಟೆಯಲ್ಲಿ ಕರದಂಟು ಕೊಂಡೆವು. ಕರಿದ ಅಂಟು, ಅದೇ ಕರದಂಟು. ಮರದ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ, ಗಸಗಸೆ ಸೇರಿಸಿ ಬೆಲ್ಲದ ಪಾಕದಲ್ಲಿ ಹಿಡಿದ ಗಟ್ಟಿ ತಿಂಡಿ. ಅಂಟಿನ ಉಂಡೆ ಬಾಣಂತಿಯರಿಗೂ ಕೊಡುವಂಥದ್ದು. ವಾರಗಟ್ಟಲೆ ಕೆಡುವುದಿಲ್ಲ. ತಂಗಿ ಬಸ್ಸಿನಲ್ಲೇ ಅರ್ಧ ಡಬ್ಬಿ ಖಾಲಿ ಮಾಡಿದಳು.

ಸಂಜೆ ನಿಡಸೋಸಿಗೆ ಬಂದು ದುರದುಂಡೀಶ್ವರ ಮಠಕ್ಕೆ ಹೋದೆವು. ಪ್ರಸಾದಕ್ಕೆ ಸಾಲಿನಲ್ಲಿ ಕೂತೆವು. ಗೋದಿ ಹುಗ್ಗಿ, ಅನ್ನ, ಸಾರು. ಬಡಿಸುತ್ತಿದ್ದ ಅಜ್ಜ "ಇನ್ನೊಂದೀಟ ಹಾಕ್ಲೇನವಾ?" ಅಂದರು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ತಂಗಿ ತಟ್ಟೆ ಮುಂದಕ್ಕೆ ಸರಿಸಿ, "ಹಾಕ್ರಿ ಅಜ್ಜಾರ" ಅಂದಳು. "ಹಾಕ್ರಿ" ಅಂತೆ! ಮದ್ದೂರಿನವಳು!

ಹಾಸ್ಟೆಲಿನ ಬಾಗಿಲಲ್ಲಿ ಅವಳಾಗಿಯೇ ಹೇಳಿದಳು: "ನೀನು ಹೋಗಣ್ಣ, ಕತ್ತಲಾದ್ರೆ ಬಸ್ಸು ಸಿಕ್ಕಲ್ಲ."

ಬೆಂಗಳೂರಿನ ರೂಮಿಗೆ ಬಂದ ಮೇಲೆ ಸ್ಟೌವಿನ ಮೇಲೆ ಕರದಂಟಿನ ಪ್ರಯೋಗಕ್ಕೆ ಇಳಿದೆ. ತುಪ್ಪ ಸರಿಯಾಗಿ ಕಾಯುವ ಮೊದಲೇ ದಪ್ಪ ಅಂಟು ಸುರಿದೆ. ಮೇಲೆ ಅರಳಿತು, ಒಳಗೆ ಕಲ್ಲು. ಪಾಕ ಒಂದು ನಿಮಿಷ ಹೆಚ್ಚಾಯಿತು. ಪಕ್ಕದ ರೂಮಿನ ಮಿತ್ರರ ಎರಡು ದವಡೆಯೂ ಕೂಡಿಕೊಂಡು ಅರ್ಧ ಗಂಟೆ ಅವರಿಗೆ ಮಾತೇ ಇಲ್ಲ! ಅಂಟನ್ನು ಸಣ್ಣಗೆ ಕುಟ್ಟಿ, ಹದ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಬೇಕಂತೆ. ಇದನ್ನು ಫೋನಿನಲ್ಲಿ ತಿಳಿಸಿದ್ದು ತಂಗಿ. ಅವಳಿಗೆ ಹೇಳಿಕೊಟ್ಟದ್ದು ಹಾಸ್ಟೆಲಿನ ಗೆಳತಿ, ಮೂಡಲಗಿಯ ಹುಡುಗಿ.

ದೀಪಾವಳಿಗೆ ಬಂದಾಗ ಅವಳ ಚೀಲದ ತುಂಬ ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಅಮ್ಮ ರೊಟ್ಟಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು.

"ಇದೇನೇ ಇದು, ಹಪ್ಪಳಾನಾ? ಎಣ್ಣೇಲಿ ಕರೀಬೇಕಾ?"

"ಹಂಗ ತಿನ್ನೂದಬೇ!" ಅಂದಳು ತಂಗಿ.