ಟಾಟಾ ಇನ್‌ಸ್ಟಿಟ್ಯೂಟಿನ ಜಗಲಿಯಲ್ಲಿ

ಯಶವಂತಪುರದಲ್ಲಿ ಬಸ್ಸಿನಿಂದಿಳಿದು ಆಟೋದವನಿಗೆ "ಭಾರತೀಯ ವಿಜ್ಞಾನ ಸಂಸ್ಥೆ" ಎಂದೆ. ಅವನು ನನ್ನ ಮುಖ ನೋಡಿದ. "ಐಐಎಸ್ಸಿ ಅಣ್ಣಾ" ಎಂದಳು ಮಗಳು. ಆಗಲೂ ಅವನಿಗೆ ಅನುಮಾನ. ಪಕ್ಕದಲ್ಲಿ ಬೀಡಿ ಸೇದುತ್ತ ನಿಂತಿದ್ದ ಹಿರಿಯ ಚಾಲಕರೊಬ್ಬರು, "ಟಾಟಾ ಇನ್‌ಸ್ಟಿಟ್ಯೂಟ್ ಕಣಯ್ಯಾ" ಎಂದ ಮೇಲೆ ಆಟೋ ಹೊರಟಿತು. ಸಂಸ್ಥೆ ಸ್ಥಾಪನೆಯಾಗಿ ನೂರು ವರ್ಷ ದಾಟಿದರೂ ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೇ.

ಹಿರಿಯೂರಿನಿಂದ ಬೆಳಗಿನ ಜಾವದ ಬಸ್ಸು ಹಿಡಿದು ಬಂದಿದ್ದೆವು. ಅದು 2023ನೇ ಇಸವಿ. ಮಗಳು ಆಗ ಪ್ರಥಮ ಪಿಯುಸಿಯಲ್ಲಿದ್ದಳು. ವರ್ಷಕ್ಕೊಂದು ದಿನ ಆ ಸಂಸ್ಥೆ ತನ್ನ ಬಾಗಿಲುಗಳನ್ನು ಸಾರ್ವಜನಿಕರಿಗೆ ತೆರೆಯುತ್ತದೆ, ಯಾರು ಬೇಕಾದರೂ ಒಳಗೆ ಹೋಗಿ ಪ್ರಯೋಗಗಳನ್ನು ನೋಡಬಹುದು, ಟಿಕೇಟಿಲ್ಲ ಎಂದು ಅವಳ ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಹದಿನೈದು ದಿನ ನನ್ನ ಸೆರಗು ಹಿಡಿದು ಓಡಾಡಿದಳು. ನಮ್ಮನೆಯವರು, "ಕಟ್ಟಡ ನೋಡೋಕೆ ಬೆಂಗಳೂರಿಗೆ ಹೋಗಬೇಕಾ? ದುರ್ಗದ ಕೋಟೆಗಿಂತ ದೊಡ್ಡದಾ?" ಎಂದು ನಕ್ಕರು. ಆದರೆ ನಗುವಿನ ಹಿಂದೆ ಬೇರೆ ಮಾತಿತ್ತು. ಪಿಯುಸಿ ಮುಗಿದ ಮೇಲೆ ಹುಡುಗಿ ಬಿ.ಎಸ್ಸಿ. ಎಂದು ಬೆಂಗಳೂರಿನ ದಾರಿ ಹಿಡಿಯುತ್ತಾಳೆ ಎಂಬ ಭಯ ಅವರಿಗೆ. ಊರಲ್ಲೇ ಬಿ.ಕಾಂ. ಓದಲಿ, ನಮ್ಮ ಕೊಬ್ಬರಿ ವ್ಯಾಪಾರದ ಲೆಕ್ಕಕ್ಕೂ ಆಗುತ್ತದೆ ಎಂಬುದು ಅವರ ಯೋಚನೆ. ನನಗೂ ಭಯವಿತ್ತು, ಆದರೆ ಅದು ಬೇರೆ ಭಯ. ಅದನ್ನು ಆಮೇಲೆ ಹೇಳುತ್ತೇನೆ.

ಗೇಟಿನೊಳಗೆ ಹೆಜ್ಜೆಯಿಟ್ಟರೆ ಜನಸಾಗರ. ಶಾಲೆಯ ಸಮವಸ್ತ್ರದ ಮಕ್ಕಳು, ಕೈಗೂಸು ಎತ್ತಿಕೊಂಡ ತಾಯಂದಿರು. ಮರಗಳ ನೆರಳಿನಲ್ಲೇ ನಡೆಯುತ್ತ ಹೋದಂತೆ ಒಂದು ಕಡೆ ಮರಗಳು ಸರಿದು ದೊಡ್ಡ ಹುಲ್ಲುಹಾಸು, ಅದರಾಚೆ ಬೂದುಬಣ್ಣದ ಕಲ್ಲಿನ ಕಟ್ಟಡ ಕಾಣಿಸಿತು. ನಡುವೆ ಗೋಪುರ, ಎರಡೂ ಬದಿಗೆ ರೆಕ್ಕೆ ಚಾಚಿದಂತೆ ಸಾಲುಗಳು. ಅದೇ ಮುಖ್ಯ ಕಟ್ಟಡ. ಮುಂದೆ ಜೆಮ್ಸೆಟ್‌ಜಿ ಟಾಟಾ ಅವರ ಪ್ರತಿಮೆ. ಗಿಲ್ಬರ್ಟ್ ಬೇಯ್ಸ್ ಎಂಬ ಇಂಗ್ಲಿಷ್ ಶಿಲ್ಪಿ ಮಾಡಿದ್ದು, 1922ರಲ್ಲಿ ಅನಾವರಣವಾದದ್ದು. ಮಗಳು ಹತ್ತಿರ ಹೋಗಿ ನೋಡಿ, "ಅಮ್ಮಿ, ಅವರ ಕೈಯಲ್ಲಿ ನೋಡಿ, ಇದೇ ಕಟ್ಟಡ!" ಎಂದು ಕೂಗಿದಳು. ನಿಜವಾಗಿಯೂ ಆ ಕೈಯ ಮೇಲೆ ಕಟ್ಟಡದ್ದೊಂದು ಪುಟ್ಟ ಮಾದರಿ ಇದೆ. ಟಾಟಾ ಅವರು 1904ರಲ್ಲೇ ತೀರಿಕೊಂಡಿದ್ದರು. ಸಂಸ್ಥೆ ಹುಟ್ಟಿದ್ದು 1909ರಲ್ಲಿ, ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1911ರಲ್ಲಿ. ಕಣ್ಣಾರೆ ಕಾಣದ ಕಟ್ಟಡವನ್ನು ಶಿಲ್ಪಿ ಅವರ ಕೈಗೆ ಕೊಟ್ಟಿದ್ದಾನೆ.

ಇದರ ನಕ್ಷೆ ಮಾಡಿದವರು ಮುಂಬಯಿಯ ಸಿ. ಎಫ್. ಸ್ಟೀವನ್ಸ್. ಮುಂಬಯಿಯ ಪ್ರಸಿದ್ಧ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣ ಇದೆಯಲ್ಲ, ಅದನ್ನು ವಿನ್ಯಾಸ ಮಾಡಿದ ಎಫ್. ಡಬ್ಲ್ಯು. ಸ್ಟೀವನ್ಸ್ ಅವರ ಮಗ. ತಂದೆಯ ಕಟ್ಟಡದಲ್ಲಿ ಎಲ್ಲಿ ನೋಡಿದರೂ ಕೆತ್ತನೆ, ನವಿಲು, ಎಲೆ, ಬಳ್ಳಿ. ಮಗನ ಈ ಕಟ್ಟಡದಲ್ಲಿ ಅಷ್ಟು ಅಲಂಕಾರವಿಲ್ಲ. ನನಗೆ ಇದೇ ಹಿಡಿಸಿತು. ಕಲ್ಲೇನು ನಮಗೆ ಹೊಸತಲ್ಲ, ಕೋಟೆಯ ಜಿಲ್ಲೆಯವರು ನಾವು. ಆದರೆ ನಮ್ಮ ಕೋಟೆಯ ಕಲ್ಲು ಬರುವವರನ್ನು ತಡೆಯಲು ನಿಂತದ್ದು. ಇಲ್ಲಿ ಅದೇ ಬೂದುಗಲ್ಲು ಕಮಾನುಗಳಾಗಿ ಬಾಗಿ ಜಗಲಿಯನ್ನು ತೆರೆದುಕೊಂಡು ನಿಂತಿದೆ. ಜಗಲಿಯ ನೆರಳಿಗೆ ಹೋದೊಡನೆ ಬಿಸಿಲಿನ ಧಗೆ ಅರ್ಧಕ್ಕಿಳಿಯಿತು. ಒಳಗೆ ಈಗ ಆಡಳಿತದ ಕಚೇರಿಗಳಿವೆ, ಎಲ್ಲ ಕಡೆಗೂ ಬಿಡುವುದಿಲ್ಲ. ಇಣುಕಿದಷ್ಟಕ್ಕೆ ಎತ್ತರದ ಛಾವಣಿ, ದಪ್ಪ ಗೋಡೆ ಕಂಡವು. ಕಂಬಕ್ಕೆ ಒರಗಿ ಕುಳಿತು ತಂದಿದ್ದ ಚಪಾತಿ ಪಲ್ಯ ಬಿಚ್ಚಿದೆ. ಮಗಳಿಗೆ ಊಟದ ಮೇಲೆ ಗಮನವಿರಲಿಲ್ಲ.

ಈ ಸಂಸ್ಥೆಗೂ ನಮ್ಮ ಹಿರಿಯೂರಿಗೂ ಒಂದು ನಂಟಿದೆ. ನಮ್ಮ ಮಾರಿಕಣಿವೆ ಅಣೆಕಟ್ಟಿಗೆ ವಾಣಿವಿಲಾಸ ಸಾಗರ ಎಂದು ಹೆಸರು ಬಂದದ್ದು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರಿಂದ. ಗಂಡ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. 1895ರಿಂದ 1902ರವರೆಗೆ ಆಕೆಯೇ ರಾಜ್ಯ ನಡೆಸಿದರು. ಅಣೆಕಟ್ಟಿನ ಕೆಲಸ ಶುರುವಾದದ್ದು 1898ರಲ್ಲಿ. ಟಾಟಾ ಅವರ ವಿಜ್ಞಾನ ಸಂಸ್ಥೆಯ ಯೋಜನೆ ಚರ್ಚೆಗೆ ಬಂದದ್ದೂ ಅದೇ ವರ್ಷಗಳಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ಪರವಾಗಿ ಬೆಂಗಳೂರಿನಲ್ಲಿ ಜಮೀನು ಕೊಡುವ ಮಾತಾಡಿದ್ದು ಆ ರಾಣಿಯ ಆಳ್ವಿಕೆಯಲ್ಲೇ. ಕೊನೆಗೆ ಸಿಕ್ಕಿದ್ದು 371 ಎಕರೆ. ನಾವು ಹಬ್ಬದ ಮರುದಿನ ಬುತ್ತಿ ಕಟ್ಟಿಕೊಂಡು ಹೋಗುವ ಅಣೆಕಟ್ಟಿನ ಹಿಂದೆಯೂ ಈ ಕಟ್ಟಡದ ನೆಲದ ಹಿಂದೆಯೂ ಒಬ್ಬಳೇ ಹೆಣ್ಣುಮಗಳಿದ್ದಾಳೆ ಎಂದು ಮಗಳಿಗೆ ಹೇಳಿದೆ. ಅವಳು, "ಆದರೂ ಹೆಂಗಸರನ್ನ ಒಳಗೆ ಬಿಡಲಿಲ್ಲವಂತಲ್ಲ ಅಮ್ಮಿ?" ಎಂದಳು. ಅವಳು ನನಗಿಂತ ಹೆಚ್ಚು ಓದಿಕೊಂಡು ಬಂದಿದ್ದಳು!

ಅದು ಕಮಲಾ ಭಾಗವತ್ ಅವರ ಕಥೆ. ಮದುವೆಯ ನಂತರ ಕಮಲಾ ಸೊಹೋನಿ. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಮೇಲ್ದರ್ಜೆಯಲ್ಲಿ ಪಾಸಾಗಿ 1933ರಲ್ಲಿ ಇಲ್ಲಿಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಆ ಹುಡುಗಿ ಸುಮ್ಮನಾಗಲಿಲ್ಲ, ಬೆಂಗಳೂರಿಗೇ ಬಂದು ಪಟ್ಟು ಹಿಡಿದು ಕುಳಿತರು. ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತುಗಳೊಂದಿಗೆ. ಮೊದಲ ವರ್ಷ ಪರೀಕ್ಷಾರ್ಥ ಮಾತ್ರ, ಅವರ ಇರುವಿಕೆಯಿಂದ ಗಂಡಸರ ಗಮನ ಕೆಡಬಾರದು. ಎಂಥ ಮಾತು ನೋಡಿ! ಅವರು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು, ಅಂದರೆ ನಮ್ಮ ಅಡುಗೆಮನೆಯ ವಸ್ತುಗಳ ಮೇಲೆಯೇ. ನಂತರ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಅವರ ಹಿಂದೆಯೇ ಬೇರೆ ಹುಡುಗಿಯರು ಬಂದರು. 1940ರ ದಶಕದಲ್ಲಿ ನಮ್ಮ ಕನ್ನಡದ ಹೆಣ್ಣುಮಗಳು ರಾಜೇಶ್ವರಿ ಚಟರ್ಜಿ ಸೇರಿ, ಅಮೆರಿಕಕ್ಕೆ ಹೋಗಿ ಓದಿ ಬಂದು, ಅಲ್ಲೇ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು.

1933ರಲ್ಲೇ ವಾಣಿವಿಲಾಸ ಸಾಗರ ಮೊದಲ ಸಲ ತುಂಬಿ ಕೋಡಿ ಹರಿದದ್ದು. ಎರಡನೆಯ ಸಲ ಹರಿಯಲು 89 ವರ್ಷ ಬೇಕಾಯಿತು, 2022ರ ಸೆಪ್ಟೆಂಬರಿನಲ್ಲಿ. ಆ ನೀರು ನೋಡಲು ಇಡೀ ಹಿರಿಯೂರು ಹೋಗಿತ್ತು. ನಾವೂ ಹೋಗಿದ್ದೆವು.

ಈಗ ನನ್ನ ಭಯದ ವಿಷಯ. ನಾನು ಹೊಳಲ್ಕೆರೆಯ ಹುಡುಗಿ. ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ್ದೆ. ಹೆಸರು ಬೇಡ, ಎಷ್ಟೋ ವರ್ಷಗಳ ಮಾತು. ಅಲ್ಲಿನ ವಿಜ್ಞಾನ ವಿಭಾಗದ ಕಟ್ಟಡ ಇಂದಿಗೂ ನನಗೆ ಕಣ್ಣು ಮುಚ್ಚಿದರೆ ಕಾಣುತ್ತದೆ. ಉದ್ದನೆಯ ಕಾರಿಡಾರು, ಎಡಕ್ಕೆ ರಸಾಯನ ಪ್ರಯೋಗಶಾಲೆ. ಕರಿ ಕಲ್ಲುಚಪ್ಪಡಿಯ ಉದ್ದ ಮೇಜುಗಳು, ನಡುನಡುವೆ ಸಿಂಕು, ಗ್ಯಾಸಿನ ನಲ್ಲಿಗಳು, ಮೇಜಿನ ಮೇಲೆ ಬಾಟಲಿಗಳ ಗೂಡು. ಮೂಲೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುವ ಕಿಪ್ ಉಪಕರಣ. ಅದಕ್ಕೇ ಆ ಕೋಣೆಯ ಕಿಟಕಿಗಳು ದೊಡ್ಡವು, ಗೋಡೆಯ ಮೇಲ್ಭಾಗದಲ್ಲೂ ಗಾಳಿಗಂಡಿ. ಅದರ ಪಕ್ಕದಲ್ಲೇ ತಕ್ಕಡಿ ಕೋಣೆ. ಅಲ್ಲಿ ತದ್ವಿರುದ್ಧ, ಕಿಟಕಿ ಸದಾ ಮುಚ್ಚಿರಬೇಕು, ಫ್ಯಾನು ಹಾಕುವಂತಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಉಸಿರು ತಾಗಿದರೂ ತೂಗಾಡುತ್ತಿತ್ತು. ಬಲಕ್ಕೆ ಭೌತಶಾಸ್ತ್ರ. ಬೆಳಕಿನ ಪ್ರಯೋಗಗಳಿಗೆ ಕಪ್ಪು ಪರದೆಯ ಕತ್ತಲೆ ಕೋಣೆ. ಅಯಸ್ಕಾಂತದ ಪ್ರಯೋಗದ ಹತ್ತಿರ ಕಬ್ಬಿಣ ಸುಳಿಯಬಾರದು ಎಂದು ನನ್ನ ದುಪಟ್ಟಾದ ಪಿನ್ನನ್ನೂ ತೆಗೆಸಿದ್ದರು ಲೆಕ್ಚರರು. ಆ ಕಟ್ಟಡದಲ್ಲಿ ಗಾಳಿಗೆ, ಬೆಳಕಿಗೆ, ಕಬ್ಬಿಣಕ್ಕೆ ಎಲ್ಲಕ್ಕೂ ಯೋಚನೆ ಮಾಡಿದ್ದರು. ಯೋಚಿಸದೇ ಬಿಟ್ಟದ್ದು ಒಂದನ್ನೇ. ಹುಡುಗಿಯರಿಗೆ ಶೌಚಾಲಯವಿರಲಿಲ್ಲ.

ಇದ್ದದ್ದು ಮೈದಾನದಾಚೆ ಹಳೇ ಕಟ್ಟಡದಲ್ಲಿ ಒಂದು, ಅದಕ್ಕೂ ಬೀಗ. ಬೀಗದಕೈ ಜವಾನನ ಹತ್ತಿರ. ಮೂರು ಗಂಟೆಯ ಪ್ರಾಕ್ಟಿಕಲ್ ನಡುವೆ ಕೈಯಲ್ಲಿ ಟೆಸ್ಟ್‌ಟ್ಯೂಬ್ ಹಿಡಿದು, ಇಪ್ಪತ್ತು ಹುಡುಗರ ಮುಂದೆ "ಸರ್, ಹೊರಗೆ ಹೋಗಬೇಕು" ಎಂದು ಕೇಳುವುದು, ಆಮೇಲೆ ಜವಾನನನ್ನು ಹುಡುಕುವುದು. ಈ ಪತ್ರಿಕೆ ಓದುವ ಸೋದರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು ಐದು ಹುಡುಗಿಯರು ಒಂದು ಉಪಾಯ ಮಾಡಿಕೊಂಡೆವು, ಪ್ರಾಕ್ಟಿಕಲ್ ಇರುವ ದಿನ ಬೆಳಗಿನಿಂದ ನೀರು ಕುಡಿಯುವುದಿಲ್ಲ. ಎರಡನೆಯ ವರ್ಷದಲ್ಲಿ ನನಗೆ ಚಳಿಜ್ವರ, ಸೊಂಟನೋವು. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು ಡಾಕ್ಟರು. ನೀರು ಕಡಿಮೆ ಕುಡಿಯುತ್ತೀಯಾ ಎಂದು ಕೇಳಿದರು. ಅಬ್ಬಾ ಪಕ್ಕದಲ್ಲೇ ನಿಂತಿದ್ದರು. ನಾನು ಕಾರಣ ಹೇಳಲಿಲ್ಲ, ನಾಚಿಕೆಯಾಯಿತು. ಒಂದು ತಿಂಗಳು ಮಲಗಿದೆ. ಹಾಜರಿ ಕಡಿಮೆಯಾಯಿತು. ಅಷ್ಟರಲ್ಲಿ ಹಿರಿಯೂರಿನ ಸಂಬಂಧ ಬಂತು. ಹುಡುಗಿಗೆ ಓದು ಆಗಿಬರಲಿಲ್ಲ, ಆರೋಗ್ಯ ಸೂಕ್ಷ್ಮ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡರು. ನಾನೂ ಒಪ್ಪಿಕೊಂಡುಬಿಟ್ಟೆ. ಆ ಮಾತು ಸುಳ್ಳು ಎಂದು ನಮ್ಮನೆಯವರಿಗೂ ಹೇಳಿರಲಿಲ್ಲ.

ಹಾಗಾಗಿ ಆ ದಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮಗಳು ಯಂತ್ರ ನೋಡುತ್ತಿದ್ದರೆ ನನ್ನ ಕಣ್ಣು ಬೇರೆ ಬೋರ್ಡನ್ನು ಹುಡುಕುತ್ತಿತ್ತು! ವೈಮಾನಿಕ ವಿಭಾಗದಲ್ಲಿ ಗಾಳಿ ಸುರಂಗ ತೋರಿಸಿದರು. ವಿಮಾನ ಹಾರುವ ಬದಲು, ನಿಂತ ಮಾದರಿಯ ಮೇಲೆ ಗಾಳಿಯನ್ನೇ ರಭಸದಿಂದ ಹಾಯಿಸಿ ಅಳೆಯುವುದಂತೆ. ಇನ್ನೊಂದೆಡೆ ದ್ರವ ಸಾರಜನಕದಲ್ಲಿ ಹೂವು ಅದ್ದಿ ಬಡಿದರೆ ಗಾಜಿನಂತೆ ಪುಡಿಪುಡಿ. ಪ್ರತಿ ಕಡೆಯೂ ವಿವರಿಸುತ್ತಿದ್ದವರಲ್ಲಿ ಹುಡುಗಿಯರಿದ್ದರು. ಮುಸುಕು ಹಾಕಿದ್ದ ಒಬ್ಬಳು ಮಲಯಾಳಿ ಹುಡುಗಿ ಇಂಗ್ಲಿಷಿನಲ್ಲಿ ಪಟಪಟನೆ ಹೇಳುತ್ತಿದ್ದಳು. ಮಗಳು ಅವಳ ಮುಂದಿನಿಂದ ಅರ್ಧ ಗಂಟೆ ಕದಲಲಿಲ್ಲ.

ಅಲ್ಲಿ ಹಳೇ ಕಲ್ಲಿನ ಕಟ್ಟಡದಂತಲ್ಲದ, ಸರಳವಾದ ಕಟ್ಟಡಗಳೂ ಇವೆ. ಅವುಗಳಲ್ಲಿ ಕೆಲವನ್ನು ವಿನ್ಯಾಸ ಮಾಡಿದವರು ಓಟೋ ಕೋನಿಗ್ಸ್‌ಬರ್ಗರ್. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಡಬೇಕಾಗಿ ಬಂದ ಯೆಹೂದಿ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಲೋಹಶಾಸ್ತ್ರ ವಿಭಾಗ, ಊಟದ ಸಭಾಂಗಣ ಅವರದ್ದು. ಬಿಸಿಲಿನ ನಾಡಿನಲ್ಲಿ ನೆರಳು ಮತ್ತು ಗಾಳಿಯೇ ಮುಖ್ಯ, ಕಟ್ಟಡದ ಅಂದ ಅದರಿಂದಲೇ ಬರಬೇಕು ಎಂಬುದು ಅವರ ದಾರಿ. ಮನೆ ಕಳಕೊಂಡು ಬಂದವನಿಗೆ ಕಟ್ಟಡದೊಳಗೆ ಇರುವವರ ಕಷ್ಟ ಹೆಚ್ಚು ಗೊತ್ತಾಗುತ್ತದೇನೋ. ಇದು ನನ್ನ ಊಹೆ ಅಷ್ಟೆ.

ಬರುವಾಗ ಬಸ್ಸಿನಲ್ಲಿ ನಮ್ಮ ಭಾಬಿಯ ನೆನಪಾಯಿತು. ಅವರು ಹೊಳಲ್ಕೆರೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಇದೇ ಸಂಸ್ಥೆಗೆ ನಮ್ಮ ಜಿಲ್ಲೆಯಲ್ಲೂ, ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ 1500 ಎಕರೆಯ ಕ್ಯಾಂಪಸ್ ಇದೆ. ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಭಾಬಿ ಹೋಗಿ ಬಂದು, "ಇಷ್ಟು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದನ್ನೆಲ್ಲ ಅಲ್ಲಿ ನನ್ನ ಕೈಯಾರೆ ಮಾಡಿದೆ" ಎಂದಿದ್ದರು. ಆ ಬಯಲು ಕುರಿಗಾಹಿಗಳು, ದನಗಾಹಿಗಳು ಮೇಯಿಸುತ್ತಿದ್ದ ಅಮೃತಮಹಲ್ ಕಾವಲು. ಅಲ್ಲಿನ ಜಮೀನು ಹಂಚಿಕೆಯ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಒಬ್ಬರಿಗೆ ಬಾಗಿಲು ತೆರೆದಾಗ ಇನ್ನೊಬ್ಬರ ಹಾದಿಗೆ ಬೇಲಿ ಬೀಳುತ್ತದೆ ಎಂದು ಭಾಬಿಯೇ ಹೇಳಿದ್ದರು.

ರಾತ್ರಿ ಮನೆ ತಲುಪಿದಾಗ ನಮ್ಮನೆಯವರು, "ಹೇಗಿತ್ತು ಕೋಟೆ?" ಎಂದರು. ಮಗಳು ಮಲಗಿದ ಮೇಲೆ ಅವರಿಗೆ ಎಲ್ಲ ಹೇಳಿದೆ. ನೀರು ಕುಡಿಯದ ಕಥೆ, ಬೀಗ, ಜವಾನ, ಜ್ವರ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟಕ್ಕೇ ಬಿಟ್ಟೆಯಾ ಓದು?" ಎಂದರು. "ಇಷ್ಟಕ್ಕೇ" ಎಂದೆ.

2024ರಲ್ಲಿ ಮಗಳಿಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತು. ಸೇರಿಸಲು ಅಪ್ಪನೇ ಹೋಗಿದ್ದರು. ಫೀಸು, ಹಾಸ್ಟೆಲು, ಊಟ ಎಲ್ಲ ವಿಚಾರಿಸಿಕೊಂಡು, ಪ್ರಾಂಶುಪಾಲರ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡು, ಲ್ಯಾಬ್ ಇರುವ ಮಹಡಿಯಲ್ಲಿ ಹೆಣ್ಣುಮಕ್ಕಳ ಶೌಚಾಲಯ ಇದೆಯಾ ಎಂದು ಕೇಳಿದರಂತೆ. ಮಗಳಿಗೆ ನಾಚಿಕೆಯಿಂದ ನೆಲಕ್ಕಿಳಿದಂತಾಯಿತಂತೆ. ಸಂಜೆ ಫೋನು ಮಾಡಿ, "ಅಮ್ಮಿ, ಅಬ್ಬಾ ಎಲ್ಲರ ಮುಂದೆ ಏನು ಕೇಳಿದರು ಗೊತ್ತಾ?" ಎಂದು ದೂರಿದಳು.

"ಇದೆಯಂತಾ?" ಎಂದು ಕೇಳಿದೆ.

"ಇದೆ, ಲ್ಯಾಬಿನ ಪಕ್ಕದಲ್ಲೇ" ಎಂದಳು.