ಗಿಟಾರಿನ ಕೊಡ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರೆಮಾಡಿ, “ಮೇಷ್ಟ್ರೇ, ಮಗಳು ಎಲೆಕ್ಟ್ರಿಕ್ ಗಿಟಾರ್ ಕಲೀತಿದಾಳೆ. ಯಾವ ಆಂಪ್ಲಿಫೈಯರ್ ಕೊಡಿಸಲಿ? ನೂರು ವ್ಯಾಟಿಂದು ಸಾಕಾ?” ಎಂದು ಕೇಳಿದ. ಈತನಿಗೆ ಹತ್ತನೆಯ ತರಗತಿಯಲ್ಲಿ ಭೌತವಿಜ್ಞಾನ ಕಲಿಸಿದವನು ನಾನೇ ಆದ್ದರಿಂದ ಆ ನೂರು ವ್ಯಾಟಿನ ಮಾತು ಸ್ವಲ್ಪ ಚುಚ್ಚಿತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾನು ಗಿಟಾರ್ ನುಡಿಸುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅದನ್ನು ಸಹಿಸಿಕೊಂಡವರೂ ನೀವೇ.

ವೀಣೆಗೆ ಕೊಡವಿದೆ, ತಂತಿಯ ನಾದ ಅದರಲ್ಲಿ ತುಂಬಿ ಹೊರಬರುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಅಂಥ ಒಡಲಿಲ್ಲ. ಉಕ್ಕಿನ ತಂತಿ ಕಂಪಿಸಿದಾಗ ಅದರ ಕೆಳಗಿನ ಅಯಸ್ಕಾಂತ ಮತ್ತು ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ, ಅಷ್ಟೆ. ಅದು ನಾದವಾಗುವುದು ಆಂಪ್ಲಿಫೈಯರಿನಲ್ಲಿ. ಆದ್ದರಿಂದ ಆಂಪ್ಲಿಫೈಯರನ್ನು ಮೈಕಿನ ಜೊತೆಗಿಡುವ ಉಪಕರಣವೆಂದು ಭಾವಿಸದೆ ಗಿಟಾರಿನ ಕೊಡವೆಂದೇ ತಿಳಿಯಬೇಕು. ವಾದ್ಯದ ಅರ್ಧಭಾಗ ಅದು.

ನಾನು ಕಲಿತದ್ದು ಹವಾಯಿಯನ್ ಗಿಟಾರ್. ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸರಳನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತ ನುಡಿಸುವಂಥದು. 1970ರ ದಶಕದಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾ ಎಂದರೆ ಈ ವಾದ್ಯ ಇದ್ದೇ ಇರಬೇಕೆಂಬ ಭಾವನೆ ನಮ್ಮ ಕಡೆ ಇತ್ತು. ವ್ಯಾನ್ ಶಿಪ್ಲಿಯವರು ಚಿತ್ರಗೀತೆಗಳನ್ನು ನುಡಿಸಿದ ರೆಕಾರ್ಡುಗಳೇ ನಮಗೆ ಗುರುಗಳು.

ನನ್ನ ಮೊದಲ ಆಂಪ್ಲಿಫೈಯರ್ ನಮ್ಮ ಮನೆಯ ವಾಲ್ವ್ ರೇಡಿಯೋ. ಆ ಕಾಲದ ಅನೇಕ ರೇಡಿಯೋಗಳ ಬೆನ್ನಿನಲ್ಲಿ ಗ್ರಾಮಫೋನ್ ಸೇರಿಸಲೆಂದು ಎರಡು ತೂತುಗಳಿರುತ್ತಿದ್ದವು. ಗಿಟಾರಿನ ವೈರನ್ನು ಅಲ್ಲಿಗೇ ಸಿಕ್ಕಿಸಿದೆ. ವಾರ್ತೆಯ ಹೊತ್ತಿಗೆ ತಂದೆಯವರು ಬಂದರೆ ವಾದನ ಮುಗಿಯಿತೆಂದೇ ಅರ್ಥ! ಅದರ ಸಾಮರ್ಥ್ಯ ಮೂರೋ ನಾಲ್ಕೋ ವ್ಯಾಟ್. ಪೂರ್ತಿ ತಿರುಗಿಸಿದರೆ ಸ್ವರ ಅಂಚಿನಲ್ಲಿ ಸ್ವಲ್ಪ ಒಡೆಯುತ್ತಿತ್ತು. ಆದರೆ ಗಾಜು ಒಡೆದಂತಲ್ಲ, ಹಣ್ಣು ಬಿರಿದಂತೆ. ವಾಲ್ವ್ ತನ್ನ ಮಿತಿಯನ್ನು ಮೆಲ್ಲಮೆಲ್ಲನೆ ಮುಟ್ಟುತ್ತದೆ, ಟ್ರಾನ್ಸಿಸ್ಟರ್ ಗೋಡೆಗೆ ಡಿಕ್ಕಿ ಹೊಡೆದಂತೆ ಥಟ್ಟನೆ ನಿಲ್ಲುತ್ತದೆ ಎಂಬುದು ಅದರ ಕಾರಣ. ಆ ರೇಡಿಯೋದ ಕೊನೆಯ ವಾಲ್ವಿನ ಮೇಲೆ ಇಎಲ್84 ಎಂದು ಬರೆದಿತ್ತು. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದದ್ದು. ಬೀಟಲ್ಸ್ ತಂಡದವರು ಬಳಸಿದ ವಾಕ್ಸ್ ಎಸಿ30 ಆಂಪ್ಲಿಫೈಯರಿನಲ್ಲೂ ಇದೇ ಜಾತಿಯ ನಾಲ್ಕು ವಾಲ್ವುಗಳಿದ್ದವೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಆ ದಿನ ಮನೆಯವರಿಗೆಲ್ಲ ಕರೆದು ಹೇಳಿದೆ; ಯಾರೂ ಅಷ್ಟಾಗಿ ಗಮನಕೊಡಲಿಲ್ಲ.

ಆರ್ಕೆಸ್ಟ್ರಾಕ್ಕೆ ಸೇರಿದ ಮೇಲೆ ರೇಡಿಯೋ ಸಾಲದಾಯಿತು. ಡೋಲಕ್, ಡ್ರಮ್ಮುಗಳ ನಡುವೆ ಕೇಳಿಸಬೇಕಿತ್ತು. ಪಂಡಾಲಿನಿಂದ ಪಂಡಾಲಿಗೆ ಎತ್ತಿನ ಗಾಡಿಯಲ್ಲಿ ಸಾಗಿಸಬೇಕಿತ್ತು. ಐವತ್ತು ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೊಂಡೆ. ಸ್ವಚ್ಛ, ಗಟ್ಟಿ, ನಿರ್ಭಾವ. ಆ ಕೆಲಸಕ್ಕೆ ಅದೇ ಸರಿ. ಆಗ ನನಗೆ ಬೇಕಿದ್ದದ್ದು ಹಾಡಿನ ಧಾಟಿ ಕೊನೆಯ ಸಾಲಿನವರಿಗೆ ಮುಟ್ಟುವುದು. ಒಂದೊಂದು ಸ್ವರದ ಒಳಮೈಯನ್ನು ಕೇಳುವ ವ್ಯವಧಾನ ನನಗಾಗಲಿ ಶ್ರೋತೃಗಳಿಗಾಗಲಿ ಇರಲಿಲ್ಲ.

ಇಲ್ಲಿ ನೂರು ವ್ಯಾಟಿನ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ನಮ್ಮ ಕಿವಿ ಲೆಕ್ಕಹಾಕುವ ರೀತಿ ಬೇರೆ. ಸಾಮರ್ಥ್ಯ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ; ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಎಂದರೆ ಹತ್ತುಪಟ್ಟು ಸಾಮರ್ಥ್ಯ ಬೇಕು. ಸ್ಪೀಕರ್ ಒಂದೇ ಆಗಿದ್ದರೆ ನೂರು ವ್ಯಾಟಿನದು ಹತ್ತು ವ್ಯಾಟಿನದಕ್ಕಿಂತ ಎರಡು ಪಟ್ಟು ಗಟ್ಟಿ, ಅಷ್ಟೇ. ಕೋಣೆಯಲ್ಲಿ ಅಭ್ಯಾಸ ಮಾಡುವ ಹುಡುಗಿಗೆ ಹತ್ತು ವ್ಯಾಟ್ ಧಾರಾಳ. ವ್ಯಾಟಿಗೆ ಕೊಡುವ ಹಣವನ್ನು ಸ್ಪೀಕರಿಗೆ ಕೊಡುವುದು ಮೇಲು. ಇನ್ನೊಂದು ಮಾತು: ಮೈಕಿನ ಆಂಪ್ಲಿಫೈಯರಿಗೆ ಗಿಟಾರ್ ಸೇರಿಸಿ ಸಮಾಧಾನಪಡಬೇಡಿ. ಗಿಟಾರಿಗೆಂದೇ ಮಾಡಿದ ಸ್ಪೀಕರ್ ಸುಮಾರು 5000 ಹರ್ಟ್ಸಿನ ಮೇಲಿನ ಕರ್ಕಶವನ್ನು ತಾನೇ ಇಳಿಸುತ್ತದೆ. ನಾವು ಗಿಟಾರಿನ ಇಂಪು ಎಂದು ಕರೆಯುವುದರಲ್ಲಿ ಈ ಇಳಿಕೆಯ ಪಾಲು ದೊಡ್ಡದು.

ನನ್ನ ರುಚಿ ಬದಲಾದದ್ದು ಬ್ರಿಜ್ ಭೂಷಣ್ ಕಾಬ್ರಾ ಅವರಿಂದ. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಸಂತೂರ್, ಕೊಳಲುಗಳ ಜೊತೆಗೆ ಅವರ ಗಿಟಾರ್ ಇದೆ. ನನಗೆ ಆ ಕ್ಯಾಸೆಟ್ ಸಿಕ್ಕಿದ್ದು 1980ರ ದಶಕದಲ್ಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಸಂಗೀತವೆಂಬುದು ಆಗ ಕಿವಿಗೆ ಬಿತ್ತು. ಆರ್ಕೆಸ್ಟ್ರಾದ ಓಡಾಟ ಕ್ರಮೇಣ ನಿಂತಿತು. ರಾತ್ರಿ ಊಟವಾದ ಮೇಲೆ ಒಂದೇ ರಾಗವನ್ನು ಹಿಡಿದು ಕೂರುವುದು ಅಭ್ಯಾಸವಾಯಿತು. ಐವತ್ತು ವ್ಯಾಟಿನ ಪೆಟ್ಟಿಗೆಯಲ್ಲಿ ಸ್ವರ ಹುಟ್ಟುವುದು ಕೇಳುತ್ತಿತ್ತು, ಸಾಯುವುದು ಕೇಳುತ್ತಿರಲಿಲ್ಲ.

ನಿವೃತ್ತಿಯ ಹಣ ಬಂದಾಗ ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆ, ನನ್ನ ಗಿಟಾರನ್ನೂ ಹೊತ್ತುಕೊಂಡು. (ಅಂಗಡಿಯ ಗಿಟಾರಿನಲ್ಲಿ ಪರೀಕ್ಷಿಸಿದರೆ ಕೊಳ್ಳುವುದು ಅಂಗಡಿಯ ನಾದವನ್ನು.) ಅಲ್ಲಿನ ಹುಡುಗ ಎಲ್ಲ ಗುಂಡಿಗಳನ್ನೂ ಏರಿಸಿ ಗುಡುಗಿಸಿ ತೋರಿಸಿದ. ನಾನು ಎಲ್ಲವನ್ನೂ ನಡುವಿಗೆ ತಂದೆ. ಮೊದಲು ಏನೂ ನುಡಿಸದೆ ಗುಂಯ್‌ಗುಡುವಿಕೆ ಎಷ್ಟಿದೆ ಎಂದು ಕೇಳಿದೆ. ಆಮೇಲೆ ಮನೆಯಲ್ಲಿ ನುಡಿಸುವಷ್ಟೇ ಮೆಲ್ಲಗೆ ಒಂದು ಷಡ್ಜ ಮೀಟಿ, ಅದು ಅಡಗುವವರೆಗೆ ಕಾದೆ. ಆರೇಳು ಪೆಟ್ಟಿಗೆಗಳಾದ ಮೇಲೆ ಹನ್ನೆರಡು ಅಂಗುಲ ಸ್ಪೀಕರಿನ, ಹದಿನೈದು ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಒಂದರಲ್ಲಿ ಸ್ವರ ಹೊರಟುಹೋಗುವುದು ಕೊನೆಯವರೆಗೂ ಕೇಳಿತು. ಒಳಗಿನ ವಾಲ್ವು ಯಾವುದೆಂದು ಕೇಳಿದೆ. ಇಎಲ್84! ಅದರಲ್ಲಿ ಬರುವುದು ಒಂದೇ ನಾದ. ನನಗೆ ಬೇಕಿದ್ದದ್ದೂ ಒಂದೇ.

ಹಾಗೆಂದು ಆ ಹುಡುಗಿಗೆ ಇದನ್ನು ಕೊಡಿಸೆಂದು ನಾನು ಹೇಳಲಾರೆ. ಅವಳ ರುಚಿ ಇನ್ನೂ ಅಂಗಳದಲ್ಲಿ ಆಡುತ್ತಿದೆ. ಹತ್ತಾರು ಆಂಪ್ಲಿಫೈಯರುಗಳ ನಾದವನ್ನು ಅನುಕರಿಸುವ ಡಿಜಿಟಲ್ ಪೆಟ್ಟಿಗೆಗಳು ಈಗ ಸಿಗುತ್ತವೆ. ಹೆಡ್‌ಫೋನ್ ಸಿಕ್ಕಿಸುವ ಸೌಲಭ್ಯವಿರುವ ಒಂದನ್ನು ಕೊಡಿಸಲಿ. ಎಲ್ಲವನ್ನೂ ರುಚಿನೋಡಲಿ, ಯಾರ ಕಿವಿಗೂ ಬೀಳದೆ ಕೆಟ್ಟದಾಗಿ ನುಡಿಸುವ ಸ್ವಾತಂತ್ರ್ಯವೂ ಇರಲಿ. ಎರಡು ವರ್ಷ ಕಳೆದ ಮೇಲೆ ಅವಳ ಕೈ ಪದೇ ಪದೇ ಯಾವ ನಾದಕ್ಕೆ ಹೋಗುತ್ತದೆಂದು ನೋಡಿ ಮುಂದಿನದನ್ನು ಯೋಚಿಸಬಹುದು.

2022ರಿಂದ ನನಗೆ ಇನ್ನೊಂದು ಆಂಪ್ಲಿಫೈಯರ್ ಬಂದಿದೆ, ಕಿವಿಯ ಹಿಂದೆ. ತಾರಸ್ಥಾಯಿಯ ಸೂಕ್ಷ್ಮಗಳು ವಯಸ್ಸಿನೊಡನೆ ಹೊರಟುಹೋದವು. ಶ್ರವಣಯಂತ್ರ ಮಾತಿಗಾಗಿ ಮಾಡಿದ್ದು. ದೀರ್ಘವಾಗಿ ನಿಂತ ಸ್ವರವನ್ನು ಅದು ತನ್ನದೇ ಸೀಟಿಯೆಂದು ಭ್ರಮಿಸಿ ಅಳಿಸಲು ಹೊರಡುತ್ತದೆ. ಮೊದಲ ದಿನ ನನ್ನ ಷಡ್ಜ ನಡುಗುತ್ತ ಕರಗಿಹೋದಾಗ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಹದಿನೈದು ದಿನ ಮುಟ್ಟಲಿಲ್ಲ. ಆಮೇಲೆ ಶ್ರವಣತಜ್ಞೆ ಗಿಟಾರನ್ನೇ ತರಹೇಳಿ, ನುಡಿಸುವಂತೆ ಕೂರಿಸಿ, ಸಂಗೀತಕ್ಕೆಂದು ಬೇರೊಂದು ಹೊಂದಾಣಿಕೆ ಮಾಡಿಕೊಟ್ಟರು. ಸ್ವರ ಈಗ ನಿಲ್ಲುತ್ತದೆ, ಸ್ವಲ್ಪ ಮಂಕಾಗಿ.

ಮಂಕು ಕಳೆಯಲೆಂದು ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ನಾಲ್ಕರಿಂದ ಏಳಕ್ಕೆ ಏರಿಸಿದೆ. “ಕಿವಿ ಚುಚ್ಚುತ್ತೆ ರೀ” ಎಂದು ಅಡುಗೆಮನೆಯಿಂದ ಮಾತು ಬಂತು. ಈಗ ಆ ಗುಂಡಿಯನ್ನು ತಿರುಗಿಸುವವಳು ನನ್ನ ಹೆಂಡತಿ. ಅವಳು ಸಾಕೆಂದ ಕಡೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ನಾಲ್ಕೂವರೆಗೆ ಸ್ವಲ್ಪ ಈಚೆ.