ಲಾಕ್‌ಡೌನ್ ಕಾಲದ ನಂಬರ್‌ಗಳು

ಮೊಬೈಲಲ್ಲಿ ಹಳೇ ನಂಬರ್ ಅಳಿಸ್ತಾ ಕೂತಿದ್ದೆ. ‘ತರಕಾರಿ ಲಾಕ್‌ಡೌನ್’, ‘ಮಾತ್ರೆ ತಂದುಕೊಡೋರು’, ‘ಊಟ ಕಳಿಸೋ ಅಕ್ಕ’. ಎಲ್ಲ 2020ರಲ್ಲಿ ಬೀದಿಯವರು ವಾಟ್ಸಾಪ್‌ನಲ್ಲಿ ಹಂಚಿಕೊಂಡಿದ್ದು. ಅಳಿಸೋಕೆ ಕೈ ಬರಲಿಲ್ಲ.

ಸರ್ಕಾರದ ನೆರವು ಇರಲಿಲ್ಲ ಅಂತಲ್ಲ. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರು, ಅಗಸರು, ಆಟೋ-ಟ್ಯಾಕ್ಸಿ ಚಾಲಕರಿಗೆ ತಲಾ 5,000. ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ 10,000ದವರೆಗೆ ಸಾಲ ಕೊಡೋ ಕೇಂದ್ರದ ಸ್ವನಿಧಿ ಯೋಜನೆ ಬಂತು. ಆದರೆ ಆ 5,000ಕ್ಕೆ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ದಿನವಿಡೀ ಕತ್ತರಿ ಹಿಡಿದು ದುಡಿದವರಿಗೆ ಆಧಾರ್, ಬ್ಯಾಂಕ್ ವಿವರ ಎಲ್ಲ ತುಂಬಿ ಕಳಿಸೋದು ಸುಲಭದ ಮಾತಾ? ಸೈಬರ್ ಸೆಂಟರ್ ಬೇರೆ ಮುಚ್ಚಿತ್ತು. ನಮ್ಮ ಬೀದಿಯಲ್ಲಿ ಡಿಗ್ರಿ ಓದ್ತಿದ್ದ ಹುಡುಗಿಯೊಬ್ಬಳು ಜಗಲಿ ಮೇಲೆ ಕೂತು ಎಷ್ಟೋ ಜನರ ಅರ್ಜಿ ತುಂಬಿಕೊಟ್ಟಳು. ಒಂದು ರೂಪಾಯಿ ತಗೊಳ್ಳಲಿಲ್ಲ. ಆ ದುಡ್ಡು ಇಲ್ಲಿನವರ ಕೈಗೆ ಸೇರಿದ್ದು ಅವಳಿಂದ.

ಆಶಾ ಕಾರ್ಯಕರ್ತೆಯರೂ ಹಾಗೇ. ಯಾವ ಮನೇಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರಿಗೆ ಬಿಪಿ ಮಾತ್ರೆ ಬೇಕು ಅನ್ನೋದು ಅವರಿಗೆ ಬಾಯಿಪಾಠ.

ಇಂಥವರ ಪಟ್ಟಿ ಪ್ರತಿ ವಾರ್ಡ್ ಕಚೇರಿಯಲ್ಲಿ, ಪ್ರತಿ ಪಂಚಾಯಿತಿಯಲ್ಲಿ ಈಗಲೇ ಇರಬೇಕು ಕಣ್ರೀ. ಕಾಯಿಲೆ ಬಾಗಿಲಿಗೆ ಬಂದಮೇಲೆ ಹುಡುಕೋದಲ್ಲ. ನಿಮ್ಮ ಕಡೆ ಆಗ ಯಾರು ನಿಂತಿದ್ರು? ಹೆಸರು ಬೇಡ, ಏನು ಮಾಡಿದ್ರು ಅಂತ ಬರೀರಿ.